ಗಿರಣಿ ಕೆಮ್ಮಿನ ಅಜ್ಜಂದಿರು

ದಾವಣಗೆರೆ ಹಳೇ ಪೇಟೆ ಕಡೆ ವಯಸ್ಸಾದ ಗಂಡಸರನ್ನ "ಕೆಮ್ಮು ಐತಾ ಅಜ್ಜಾ?" ಅಂತ ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: "ಅದು ಗಿರಣಿ ಕೆಮ್ಮು ಬಿಡವ್ವಾ, ನನ್ ಜೊತಿಗೇ ಹೋಗೋದು." ಹರೆಯದಲ್ಲಿ ಹತ್ತಿ ಗಿರಣಿ ದೂಳು ಕುಡಿದವರು, ಆಮೇಲೆ ಮಂಡಕ್ಕಿ ಭಟ್ಟಿ ಹೊಗೆಯಲ್ಲಿ ನಿಂತವರು, ಜೊತೆಗೆ ಬೀಡಿ. ಇವರ ಪಾಲಿಗೆ ಕೆಮ್ಮು ಒಂದು ಕಾಯಿಲೆಯೇ ಅಲ್ಲ. "ಎರಡು ವಾರ ಮೀರಿದ ಕೆಮ್ಮಾ? ಟಿಬಿ (ಕ್ಷಯ) ಪರೀಕ್ಷೆ ಮಾಡಿಸಿ" ಅನ್ನೋ ಪೋಸ್ಟರ್ ಮಾತು ಆಶಾ ಕಾರ್ಯಕರ್ತೆಯಾದ ನನಗೆ ಇಂಥ ಮನೆಗಳಲ್ಲಿ ಅಷ್ಟಾಗಿ ಒದಗಲಿಲ್ಲ.

ಅದಕ್ಕೇ ಕೇಳೋ ರೀತಿ ಬದಲಿಸಿಕೊಂಡೆ. ಅಜ್ಜನನ್ನ ಬಿಟ್ಟು ಸೊಸೆಯನ್ನ ಕೇಳ್ತೀನಿ: ಮಾವ ಈಗ ಎಷ್ಟು ರೊಟ್ಟಿ ತಿಂತಾರೆ, ಸಂಜೆ ಮೈ ಬಿಸಿ ಇರುತ್ತಾ? ಅಜ್ಜಿಯರಾದರೆ ಬಳೆ ನೋಡ್ತೀನಿ, ಮೊಣಕೈ ಕಡೆ ಜಾರ್ತಿದೆಯಾ ಅಂತ. ವಯಸ್ಸಾದವರಲ್ಲಿ ಜ್ವರ, ರಕ್ತ ಏನೂ ಕಾಣದೆ ಬರೀ ಸುಸ್ತು, ತೂಕ ಇಳಿಯೋದು, ಊಟ ಸೇರದಿರೋದು ಇಷ್ಟರಲ್ಲೇ ಟಿಬಿ ಇರಬಹುದು. ಸಕ್ಕರೆ ಕಾಯಿಲೆ ಇದ್ದವರ ಮೇಲೆ ಇನ್ನೂ ಒಂದು ಕಣ್ಣು ಹೆಚ್ಚು.

ಹಿರಿಯರಿಗೆ ಟಿಬಿ ಬಗ್ಗೆ ತಿಳಿವಳಿಕೆ ಇಲ್ಲ ಅನ್ನೋ ಮಾತನ್ನ ನಾನು ಪೂರ್ತಿ ಒಪ್ಪಲ್ಲ. ಅವರಿಗೆ ಚೆನ್ನಾಗೇ ಗೊತ್ತು, ಆದರೆ ಗೊತ್ತಿರೋದು ಅವರ ಹರೆಯದ ಕಾಲದ ಟಿಬಿ. ಸ್ಯಾನಟೋರಿಯಂ ಅನ್ನೋ ಟಿಬಿ ಆಸ್ಪತ್ರೆ ವಾಸ, ದಿನಾ ಚುಚ್ಚೋ ಸೂಜಿ, ವರ್ಷ ದಾಟಿದ ಮದ್ದು, ಬೇರೆ ತಟ್ಟೆ. ಅದೂ ಅಲ್ಲದೆ ಮನೆಯಲ್ಲಿ ಮದುವೆಗೆ ಬಂದ ಮೊಮ್ಮಗಳಿದ್ದರೆ ಅಜ್ಜ ಕೆಮ್ಮನ್ನ ನುಂಗಿಕೊಂಡೇ ಕೂರ್ತಾನೆ. ಅಂಥವರ ಮುಂದೆ ಭಾಷಣ ಮಾಡಿ ಏನು ಬಂತು? ಈಗ ಸಾಮಾನ್ಯವಾಗಿ 6 ತಿಂಗಳು ಮಾತ್ರೆ, ಮನೆಯಲ್ಲೇ, ಪುಕ್ಕಟೆ. ತಟ್ಟೆ ಲೋಟದಿಂದ ಹರಡಲ್ಲ, ಗಾಳಿಯಿಂದ ಹರಡುತ್ತೆ, ಸರಿಯಾಗಿ ಮಾತ್ರೆ ತಗೊಂಡರೆ ಕೆಲವೇ ವಾರದಲ್ಲಿ ಹರಡೋದು ಬಹಳ ಕಡಿಮೆಯಾಗುತ್ತೆ. ಇಷ್ಟನ್ನ ಪಡಸಾಲೆಯಲ್ಲಿ ಹೇಳದೆ ಹಿತ್ತಲಲ್ಲಿ, ಮೆಲ್ಲಗೆ ಹೇಳ್ತೀನಿ. ಪಕ್ಕದ ಮನೆ ಕಿವಿ ಬಹಳ ಚುರುಕು.

ಪರೀಕ್ಷೆಗೆ ಕಫ ಹಿಡಿಸೋದೇ ದೊಡ್ಡ ಕೆಲಸ. ಡಬ್ಬಿ ಕೊಟ್ಟು ಬಂದರೆ ಮರುದಿನ ಸಿಗೋದು ಎಂಜಲು, ಇಲ್ಲವೇ ಎಲೆ-ಅಡಿಕೆ ಕೆಂಪು. ಹಾಗಾಗಿ ಬೆಳಿಗ್ಗೆ ಚಾ ಕುಡಿಯೋ ಮುಂಚೆ ಹೋಗ್ತೀನಿ. ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಂತು, ಎರಡು ಮೂರು ಸಲ ಉಸಿರು ಆಳಕ್ಕೆ ಎಳೆದು, ಎದೆಯೊಳಗಿಂದ ಕೆಮ್ಮಬೇಕು. ನಾನು ಗಾಳಿ ನನ್ನ ಬೆನ್ನ ಕಡೆಯಿಂದ ಅವರ ಕಡೆ ಬೀಸೋ ಹಾಗೆ, ಮಾಸ್ಕ್ ಹಾಕಿ, ಅವರಿಂದ ದೂರ ನಿಲ್ತೀನಿ. ಅಜ್ಜಿಯರು ಮಗನ ಎದುರು ಕ್ಯಾಕರಿಸೋಕೆ ನಾಚ್ತಾರೆ. ಮಗನನ್ನ ಹಾಲು ತರೋಕೆ ಕಳಿಸೋದೇ ಉಪಾಯ. ಕಫವೇ ಬರದವರಿಗೆ ಎಕ್ಸ್‌ರೇ ಮಾಡಿಸಿ, ಮುಂದಿನದನ್ನ ಡಾಕ್ಟರಿಗೆ ಬಿಡ್ತೀವಿ.

ಮಾತ್ರೆ ಶುರುವಾಗೋ ದಿನವೇ "ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತೆ, ರಕ್ತ ಅಲ್ಲ" ಅಂತ ಹೇಳಿಬಿಡ್ತೀನಿ. ಹೇಳದಿದ್ದರೆ ಹೆದರಿ ಬಿಟ್ಟುಬಿಡೋರೇ ಜಾಸ್ತಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅವತ್ತೇ ಡಾಕ್ಟರ ಹತ್ತಿರ. ಟಿಬಿ ಮದ್ದುಗಳಲ್ಲಿ ಒಂದಾದ ರಿಫಾಂಪಿಸಿನ್ ಕೆಲವು ಸಕ್ಕರೆ ಕಾಯಿಲೆ ಮಾತ್ರೆಗಳ ಶಕ್ತಿ ಕುಗ್ಗಿಸುತ್ತೆ, ಹಾಗಾಗಿ ಮನೆಯಲ್ಲಿರೋ ಮಾತ್ರೆ ಚೀಟಿಗಳನ್ನೆಲ್ಲ ಚೀಲಕ್ಕೆ ಹಾಕಿಸಿ ಡಾಕ್ಟರ ಹತ್ತಿರ ಕಳಿಸ್ತೀನಿ. ಇನ್ನೊಂದು ಟಿಬಿ ಮದ್ದು ಎಥಾಂಬುಟಾಲ್: ಅಪರೂಪಕ್ಕೆ ಕಣ್ಣಿನ ನರಕ್ಕೆ ತೊಂದರೆ ಮಾಡುತ್ತೆ. ಪೊರೆ ಇರೋ ಅಜ್ಜ ಮಂಜು ಅಂದರೆ ಯಾವುದರ ಮಂಜು ಅಂತ ತಿಳಿಯೋದು ಹೇಗೆ? ಪ್ರತಿ ಸಲ ಹೋದಾಗ ನನ್ನ ಕೆಂಪು ಬಳೆ, ಹಸಿರು ಬಳೆ ತೋರಿಸಿ ಬಣ್ಣ ಕೇಳ್ತೀನಿ. ತಡವರಿಸಿದರೆ, ಮಂಜು ಮೊದಲಿಗಿಂತ ಹೆಚ್ಚಿದರೆ, ಆಸ್ಪತ್ರೆಗೆ. ಅಜ್ಜಂದಿರಿಗೆ ಇದೊಂದು ಆಟ.

ಟಿಬಿ ಇರೋರ ಊಟಕ್ಕೆ ಅಂತ ಸರ್ಕಾರ ಕೊಡೋ ನಿಕ್ಷಯ್ ಪೋಷಣೆ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಅಂತ ಶುರುವಾಗಿ, 2024ರ ನವೆಂಬರ್‌ನಿಂದ 1000 ಆಗಿದೆ. ಅದು ಖಾತೆಗೆ ಬೀಳುತ್ತೆ, ಆದರೆ ಪಾಸ್‌ಬುಕ್ ಮಗನ ಹತ್ತಿರ. ಮೊಟ್ಟೆ, ಶೇಂಗಾ, ಬೇಳೆ ತಂದರಾ ಅಂತ ಮಗನನ್ನ ನೇರವಾಗೇ ಕೇಳ್ತೀನಿ. ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ.

ಕೊನೆಗೆ ಮನೆಯ ಉಳಿದವರ ತಪಾಸಣೆ. ಅವರಿಗೆ ಟಿಬಿ ಇಲ್ಲ ಅಂತ ಖಚಿತವಾದ ಮೇಲೆ ತಡೆಗಟ್ಟೋ ಮಾತ್ರೆ ಕೊಡ್ತಾರೆ. "ನಾವು ಗಟ್ಟಿ ಇದೀವಿ, ನಮಗ್ಯಾಕೆ?" ಅಂತಾರೆ ಸೊಸೆಯಂದಿರು. ಅಲ್ಲಿ ನನ್ನ ಮಾತಿಗಿಂತ ಅಜ್ಜನ ಬೈಗುಳ ಹೆಚ್ಚು ನಾಟುತ್ತೆ, ಅದಕ್ಕೇ ಆ ಮಾತು ತೆಗೆಯೋವಾಗ ಅಜ್ಜನನ್ನ ಪಕ್ಕದಲ್ಲೇ ಕೂರಿಸಿಕೊಳ್ತೀನಿ.