ಬದನೆ ಹೂ ಉದುರುತ್ತಿದೆಯೇ? ಮೊದಲು 20 ನಿಮಿಷ ಕಿವಿಗೊಟ್ಟು ಕೂತುಕೊಳ್ಳಿ

ಬದನೆ ಹೂ ಉದುರಿದರೆ ನಾನು ಔಷಧಿ ಡಬ್ಬಿಗೆ ಕೈ ಹಾಕುವುದಿಲ್ಲ. ಬೆಳಿಗ್ಗೆ 7ರ ಮೇಲೆ, ಬಿಸಿಲು ಬಿದ್ದಾಗ, ಐದಾರು ಗಿಡ ಕಾಣುವ ಹಾಗೆ ಸಾಲಿನ ಪಕ್ಕ ಕೂರುತ್ತೇನೆ. ನೀವೂ ಕೂತು ನೋಡಿ. ನಿಮ್ಮ ನೆರಳು ಹೂವಿನ ಮೇಲೆ ಬೀಳದಿರಲಿ.

ಪರಾಗ ತಾಗದ ಹೂ ಕಾಯಿ ಕಟ್ಟದೆ ಉದುರುತ್ತದೆ. ಪರಾಗ ಉದುರಿಸುವ ದುಂಬಿ ಬರುತ್ತಿದೆಯಾ ಅಂತ ತಿಳಿಯಲು ಕಣ್ಣಿಗಿಂತ ಕಿವಿ ಮುಖ್ಯ. ಬದನೆ ಹೂವಿನಲ್ಲಿ ಮಕರಂದ ಇಲ್ಲ. ಪರಾಗ ಹಳದಿ ಕೇಸರದ ಕೊಳವೆಯೊಳಗೆ ಇರುತ್ತದೆ, ತುದಿಯಲ್ಲಿ ಸಣ್ಣ ತೂತು. ಅಲ್ಲಾಡಿಸಿದರೇ ಪುಡಿ ಉದುರುವುದು. ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ದೊಡ್ಡ ಕಪ್ಪು ದುಂಬಿಗೆ ಬರುತ್ತದೆ, ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವ ಜೇನಿಗೂ ಬರುತ್ತದೆ. ಹಾರಿ ಬರುವಾಗ ಗುಂಯ್ ಅನ್ನುತ್ತದೆ. ಕೇಸರವನ್ನು ತಬ್ಬಿ, ಹೊಟ್ಟೆ ಬಾಗಿಸಿ, ರೆಕ್ಕೆ ಬಡಿಯದೆ ಮೈ ನಡುಗಿಸುತ್ತದೆ. ಆಗ ಸದ್ದಿನ ಶ್ರುತಿ ಏರಿ, ತುಂಡು ತುಂಡಾಗಿ ಝೀಂ, ಝೀಂ ಅಂತ ಕೇಳುತ್ತದೆ. ಆ ಎರಡನೇ ಸದ್ದು ಕೇಳಿದರೆ ನನಗೆ ಎಷ್ಟು ಸಮಾಧಾನ!

ಸದ್ದು ತಪ್ಪಿಹೋದರೆ ಕೇಸರ ನೋಡಿ. ದುಂಬಿ ಕಚ್ಚಿ ಹಿಡಿದ ಜಾಗದಲ್ಲಿ ಕಂದು ಕಲೆ ಉಳಿದಿರುತ್ತದೆ.

ಹಾಗೇ ಹೂವಿನ ನಡುವಿನ ಹಸಿರು ಕಡ್ಡಿಯನ್ನೂ ನೋಡಿ. ಕೇಸರ ದಾಟಿ ಹೊರಗೆ ಚಾಚಿದ್ದರೆ ಕಾಯಿ ಕಟ್ಟುವ ಹೂ ಅದು. ಗಿಡ್ಡವಾಗಿ ಒಳಗೇ ಇದ್ದರೆ ಸಾಮಾನ್ಯವಾಗಿ ಉದುರಿಹೋಗುತ್ತದೆ. ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ಉದ್ದ ಕಡ್ಡಿಯ ಹೂ ಇದ್ದು, ಮೂರು ದಿನ ಕೂತರೂ ಸದ್ದು ಕೇಳದಿದ್ದರೆ? ಸದ್ಯಕ್ಕೆ ಬೆಳಿಗ್ಗೆ ಹೂವಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ಚಿಮ್ಮಿ. ನಾಲ್ಕು ಗಿಡ ಇರುವವರು ಬ್ಯಾಟರಿ ಟೂತ್‌ಬ್ರಷ್ಷನ್ನು ತೊಟ್ಟಿಗೆ ಎರಡು ಸೆಕೆಂಡ್ ತಾಗಿಸಿದರೂ ಆಗುತ್ತದೆ. ಔಷಧಿ ಹೊಡೆಯಲೇಬೇಕಾದರೆ ಹೊತ್ತು ಮುಳುಗುವಾಗ ಹೊಡೆಯಿರಿ. ಒಂದು ವರ್ಷ ನಾನು ಬೆಳಿಗ್ಗೆ 8ಕ್ಕೆ ಹೊಡೆದು, ಮಧ್ಯಾಹ್ನ ಸಾಲಿನಲ್ಲಿ ಎರಡು ದುಂಬಿ ಅಂಗಾತ ಬಿದ್ದಿದ್ದನ್ನು ನೋಡಿದೆ. ಇವತ್ತಿಗೂ ಮರೆತಿಲ್ಲ.

ಬದನೆಯಲ್ಲಿ ಅವುಗಳಿಗೆ ಪರಾಗ ಸಿಗುತ್ತದೆ, ಹೊಟ್ಟೆಗೆ ಸಿಹಿ ಸಿಗುವುದಿಲ್ಲ ಅಲ್ವಾ? ಅದಕ್ಕೇ ಬದುವಿನ ಮೇಲೆ ತೊಗರಿ, ಅಂಚಿಗೆ ತುಳಸಿ ಹಾಕಿ. ನೀಲಿ ಪಟ್ಟೆಯದು ಮಣ್ಣಿನಲ್ಲಿ ಗೂಡು ಕೊರೆಯುತ್ತದೆ, ಬೇಲಿ ಬುಡದಲ್ಲಿ ಒಂದಿಷ್ಟು ನೆಲ ಅಗೆಯದೆ ಬಿಡಿ. ಕಪ್ಪು ದುಂಬಿಗೆ ಒಣ ಮರ, ಬಿದಿರು ಬೇಕು. ನಮ್ಮ ಕೊಟ್ಟಿಗೆಯ ಗಳದಲ್ಲಿ ಒಂದು ತೂತಿದೆ. ಕೆಳಗೆ ದಿನಾ ದುಂಬಿ ಕೊರೆದ ಹೊಟ್ಟು ಬಿದ್ದಿರುತ್ತದೆ. ಹೊಟ್ಟು ಗುಡಿಸುತ್ತೇನೆ, ತೂತು ಮುಚ್ಚುವುದಿಲ್ಲ.