ಖಾಲಿ ಜಾಗದಲ್ಲೆಲ್ಲ ಡಾಲರ್ ಗುರುತು: ಹಳೆಯ ವಿಜಿಎ ಕಾರ್ಡ್ ಸರಿಮಾಡಿದ ನನ್ನ ಅನುಭವ

ಪುತ್ತೂರಿನ ಕಡೆ ನಮ್ಮ ನೆಂಟರ ಅಡಿಕೆ ಮಂಡಿಯಲ್ಲಿ ಲೆಕ್ಕಕ್ಕೆಂದು ಇಟ್ಟಿದ್ದ 286 ಕಂಪ್ಯೂಟರ್ ಅದು. ಡಾಸ್ 5 ಆಪರೇಟಿಂಗ್ ಸಿಸ್ಟಂ, 40 ಎಂಬಿ ಹಾರ್ಡ್ ಡಿಸ್ಕ್, 14 ಇಂಚಿನ ಕಲರ್ ಮಾನಿಟರ್, ಅದಕ್ಕೆ ಚಿತ್ರ ಕಳಿಸುವ ವಿಜಿಎ ಕಾರ್ಡ್. ಹಳೆಯ ಲೆಕ್ಕದ ಫೈಲುಗಳು ಅವರಿಗೆ ಬೇಕಿದ್ದವು. ನನಗೆ ಆ ಮಷೀನೇ ಬೇಕಿತ್ತು.

ಇಂಥದ್ದು ಕೈಗೆ ಬಂದರೆ ಕರೆಂಟ್ ಕೊಡುವ ಮೊದಲು ಮದರ್‌ಬೋರ್ಡ್ ಮೇಲಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ತೆಗೆದುಬಿಡಿ. ಅದು ಸೋರಿದರೆ ಸುತ್ತಲಿನ ತಾಮ್ರದ ಗೆರೆಗಳನ್ನೆಲ್ಲ ತಿಂದುಹಾಕುತ್ತದೆ. ಈ ಬ್ಯಾಟರಿ ಇನ್ನೂ ಸೋರಿರಲಿಲ್ಲ, ಪುಣ್ಯ.

ಆನ್ ಮಾಡಿದೆ. ಎಂಟು ಸಲ ಬೀಪ್ ಬಂತು. ಎಎಂಐ ಬಯಾಸ್‌ನಲ್ಲಿ (ಆನ್ ಮಾಡಿದ ಕೂಡಲೇ ಓಡುವ ಪ್ರೋಗ್ರಾಂ) ಎಂಟು ಬೀಪ್ ಅಂದರೆ ವಿಡಿಯೊ ಕಾರ್ಡ್ ಇಲ್ಲ, ಇಲ್ಲವೇ ಅದರ ಮೆಮೊರಿ ಕೆಟ್ಟಿದೆ ಎಂದರ್ಥ. ಆದರೂ ಬೂಟ್ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಬೆಳಗಿತು. ಖಾಲಿ ಇರಬೇಕಾದ ಜಾಗದಲ್ಲೆಲ್ಲ $ ಗುರುತು! ಪ್ರಾಂಪ್ಟ್‌ನಲ್ಲಿ ಸಿ ಇರಬೇಕಾದಲ್ಲಿ ಜಿ ಇತ್ತು. ಫೈಲುಗಳ ಪಟ್ಟಿ ತೋರಿಸುವ ಡಿಐಆರ್ ಕೊಟ್ಟರೆ ಕಮಾಂಡ್ ಫೈಲಿನ ಹೆಸರಿನ ಸಿ ಹೋಗಿ ಜಿ, ಎ ಹೋಗಿ ಇ ಆಗಿತ್ತು. ಆದರೆ ಒ, ಎಂ, ಎನ್, ಡಿ ಎಲ್ಲ ಸರಿಯಾಗಿದ್ದವು.

ಇಲ್ಲಿ ಕೈ ಕಟ್ಟಿ ಕೂತು ಸ್ಕ್ರೀನ್ ನೋಡಬೇಕು. ಸ್ಕ್ರೂಡ್ರೈವರ್ ಆಮೇಲೆ. ಅಕ್ಷರಗಳು ಬದಲಾಗಿವೆ, ಆದರೆ ಪ್ರತಿ ಅಕ್ಷರದ ಆಕಾರ ಸ್ವಚ್ಛವಾಗಿದೆ, ಬಣ್ಣವೂ ಸರಿ ಇದೆ. ಮಾನಿಟರ್‌ಗೆ ಅಕ್ಷರ ಅಂದರೇನು ಅಂತಲೇ ಗೊತ್ತಿಲ್ಲ, ಬಂದ ಸಿಗ್ನಲ್ ತೋರಿಸುವುದಷ್ಟೇ ಅದರ ಕೆಲಸ. ಮಾನಿಟರ್ ಅಥವಾ ಕೇಬಲ್ ಕೆಟ್ಟರೆ ಒಂದು ಬಣ್ಣ ಹೋಗಬಹುದು, ಚಿತ್ರ ಉರುಳಬಹುದು. ಎ ಹೋಗಿ ಇ ಆಗುವುದಿಲ್ಲ. ಹಾಗಾಗಿ ಮಾನಿಟರ್ ಮುಟ್ಟುವ ಅಗತ್ಯವೇ ಇರಲಿಲ್ಲ. ಬಿಚ್ಚಲೂಬಾರದು, ಪಿಕ್ಚರ್ ಟ್ಯೂಬ್‌ನ ಆನೋಡ್‌ನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಆಸ್ಕಿ ಪಟ್ಟಿ ತೆಗೆದು ನೋಡಿದೆ. ಖಾಲಿ ಜಾಗದ ಸಂಖ್ಯೆ 32, ಡಾಲರ್‌ನದು 36. ಎ 65, ಇ 69. ಸಿ 67, ಜಿ 71. ಎಲ್ಲ ಕಡೆ ವ್ಯತ್ಯಾಸ ನಾಲ್ಕೇ. ಕಂಪ್ಯೂಟರ್ ಪ್ರತಿ ಸಂಖ್ಯೆಯನ್ನೂ 1, 2, 4, 8 ಹೀಗೆ ಬೆಲೆಯಿರುವ ಬಿಟ್‌ಗಳಲ್ಲಿ ಇಡುತ್ತದೆ, ಒಂದೊಂದು ಬಿಟ್ 0 ಅಥವಾ 1. ಡಿ ಅಂದರೆ 68, ಅದರಲ್ಲಿ 4ರ ಬಿಟ್ ಮೊದಲೇ ಇದೆ, ಆದ್ದರಿಂದ ಅದು ಕೆಡಲಿಲ್ಲ. ಅಂದರೆ 4ರ ಬಿಟ್ ಒಂದು ಯಾವಾಗಲೂ 1 ಆಗಿಯೇ ನಿಂತುಬಿಟ್ಟಿದೆ.

ವಿಜಿಎ ಮೆಮೊರಿಯಲ್ಲಿ ನಾಲ್ಕು ಪದರಗಳಿವೆ. ಅಕ್ಷರ ಮಾತ್ರ ತೋರಿಸುವ ಟೆಕ್ಸ್ಟ್ ಮೋಡ್‌ನಲ್ಲಿ ಮೊದಲ ಪದರದಲ್ಲಿ ಅಕ್ಷರಗಳ ಸಂಖ್ಯೆ, ಎರಡನೆಯದರಲ್ಲಿ ಬಣ್ಣ, ಮೂರನೆಯದರಲ್ಲಿ ಅಕ್ಷರಗಳ ಆಕಾರ ಇರುತ್ತವೆ. ನಾಲ್ಕನೆಯದು ಬಳಕೆಯಾಗುವುದಿಲ್ಲ. ನಮ್ಮ ತೊಂದರೆ ಮೊದಲ ಪದರದ್ದು. ಇದು ನಿಜವೇ ಅಂತ ನೋಡಲು ಡಾಸ್ ಜೊತೆ ಬರುವ ಕ್ಯೂಬೇಸಿಕ್ ಪ್ರೋಗ್ರಾಂ ತೆರೆದು ಸ್ಕ್ರೀನ್ 12 ಮೋಡ್‌ಗೆ ಹೋದೆ, ಅಂದರೆ 640×480, 16 ಬಣ್ಣ. ಕಪ್ಪು ಸ್ಕ್ರೀನ್ ಮೇಲೆ ಉದ್ದಕ್ಕೂ ತೆಳ್ಳನೆಯ ನೀಲಿ ಗೆರೆಗಳು, ಪ್ರತಿ ಎಂಟು ಚುಕ್ಕೆಗೆ ಒಂದರಂತೆ. ಈ ಮೋಡ್‌ನಲ್ಲಿ ಮೊದಲ ಪದರ ನೀಲಿ ಬಣ್ಣದ್ದು, ಒಂದು ಬೈಟ್‌ನಲ್ಲಿ, ಅಂದರೆ ಎಂಟು ಬಿಟ್‌ನಲ್ಲಿ, ಎಂಟು ಚುಕ್ಕೆಗಳು. ಸ್ಕ್ರೀನ್ ಪೂರ್ತಿ ಬಿಳಿ ಬಳಿದೆ. ಗೆರೆಗಳು ಮಾಯ! ಬಿಳಿಯಲ್ಲಿ ನೀಲಿಯ ಬಿಟ್ ಹೇಗೂ 1 ಇರುತ್ತದಲ್ವಾ. ಡಾಲರ್ ಗುರುತೂ ನೀಲಿ ಗೆರೆಯೂ ಒಂದೇ ರೋಗದ ಎರಡು ಲಕ್ಷಣ ಅಂತ ಗೊತ್ತಾದಾಗ ಆದ ಖುಷಿ ಇದೆಯಲ್ಲ, ಹಳೆಯ ಮಷೀನ್ ರಿಪೇರಿ ಮಾಡುವುದೇ ಅದಕ್ಕಾಗಿ.

ಇನ್ನೊಂದು ಸಾಕ್ಷಿ, ಮೆಮೊರಿಯನ್ನು ನೇರವಾಗಿ ಓದಿ ಬರೆಯುವ ಡಾಸ್‌ನ ಡೀಬಗ್ ಪ್ರೋಗ್ರಾಂನಿಂದ ಸಿಕ್ಕಿತು. ಸ್ಕ್ರೀನ್ ಮೇಲೆ ಕಾಣದ ಎರಡನೇ ಪುಟಕ್ಕೆ, ಅಂದರೆ ಮೆಮೊರಿಯ ಬಿ800 ಸೆಗ್ಮೆಂಟಿನ 1000ದಿಂದ ಮುಂದಕ್ಕೆ, ಎಫ್ ಆಜ್ಞೆಯಿಂದ 20 (ಖಾಲಿ ಜಾಗದ 32, ಹೆಕ್ಸ್ ಅಂದರೆ 16ರ ಲೆಕ್ಕದಲ್ಲಿ) ಮತ್ತು 07 (ಬಣ್ಣದ ಸಂಖ್ಯೆ) ತುಂಬಿಸಿ, ಡಿ ಆಜ್ಞೆಯಿಂದ ಓದಿಸಿದೆ. ಉತ್ತರವನ್ನು ಆ ಸ್ಕ್ರೀನಿನಲ್ಲೇ ನೋಡಿ ಪ್ರಯೋಜನವಿಲ್ಲ. ಅಲ್ಲಿ 0 ಕೂಡ 4 ಆಗಿ ಕಾಣುತ್ತದೆ. ಅದಕ್ಕೇ ಆಜ್ಞೆಗಳನ್ನು ಫೈಲಿನಲ್ಲಿ ಬರೆದು ಕೊಟ್ಟು, ಉತ್ತರವನ್ನೂ ಫ್ಲಾಪಿಗೆ ಕಳಿಸಿ ಬೇರೆ ಮಷೀನ್‌ನಲ್ಲಿ ತೆರೆದೆ. ಬರೆದದ್ದು 20, ಓದಿದ್ದು 24, ಅಂದರೆ 36. 07 ಮಾತ್ರ ಹಾಗೇ ಇತ್ತು. ಹೀಗೆ ಮಾಡುವಾಗ ಫೈಲಿನ ಕೊನೆಯ ಕ್ಯೂ ಆದ ಮೇಲೆ ಎಂಟರ್ ಒತ್ತಿರಬೇಕು, ಇಲ್ಲದಿದ್ದರೆ ಡೀಬಗ್ ಹೊರಗೆ ಬರದೆ ನಿಂತುಬಿಡುತ್ತದೆ.

ಆಮೇಲೆ ಕಾರ್ಡ್ ಹೊರಗೆ ತೆಗೆದೆ. 256 ಕೆಬಿ ಕಾರ್ಡ್, 4464 ಜಾತಿಯ ಎಂಟು ಮೆಮೊರಿ ಚಿಪ್, ಎಲ್ಲವೂ ಸಾಕೆಟ್‌ನಲ್ಲಿ. ಒಂದೊಂದು ಪದರಕ್ಕೆ ಎರಡು ಚಿಪ್, ಒಂದೊಂದು ಚಿಪ್‌ಗೆ ನಾಲ್ಕು ಬಿಟ್. ಕಾರ್ಡಿನ ಬಂಗಾರದ ಅಂಚನ್ನು ಬಿಳಿ ರಬ್ಬರ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಚಿಪ್‌ಗಳನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ ಕೂರಿಸಿದೆ. ಬಿಸಿ ಆಗಿ ತಣ್ಣಗಾಗಿ ಚಿಪ್‌ಗಳು ಸಾಕೆಟ್‌ನಿಂದ ಮೇಲೆ ಬರುವುದು ಮಾಮೂಲು. ಇಲ್ಲಿ ಅದರಿಂದ ಏನೂ ಬದಲಾಗಲಿಲ್ಲ.

ಎಂಟರಲ್ಲಿ ಯಾವುದು? ಸರ್ಕ್ಯೂಟ್ ನಕ್ಷೆ ಇರಲಿಲ್ಲ. ಸ್ಕ್ರೀನನ್ನೇ ಕೇಳಿದೆ. ಕರೆಂಟ್ ತೆಗೆದು ಒಂದು ಚಿಪ್ ಬಿಚ್ಚುವುದು, ಆನ್ ಮಾಡಿ ನೋಡುವುದು, ಮತ್ತೆ ಅಲ್ಲೇ ಕೂರಿಸುವುದು. ಚಿಪ್ ಇಲ್ಲದ ಕಡೆ ಈ ಕಾರ್ಡ್ ನಾಲ್ಕೂ ಬಿಟ್‌ಗಳನ್ನು 1 ಎಂದೇ ಓದುತ್ತಿತ್ತು. ಒಂದನ್ನು ತೆಗೆದಾಗ ಅಕ್ಷರಗಳ ಆಕಾರ ಹಾಳಾಯಿತು, ಅದು ಮೂರನೇ ಪದರದ್ದು. ಇನ್ನೊಂದನ್ನು ತೆಗೆದಾಗ ಅಕ್ಷರವೆಲ್ಲ ಹೊಳೆಯುವ ಬಿಳಿಯಾಯಿತು, ಅದು ಬಣ್ಣದ ಪದರದ್ದು. ಎರಡು ಚಿಪ್ ತೆಗೆದರೂ ಏನೂ ವ್ಯತ್ಯಾಸವಾಗಲಿಲ್ಲ, ಅವು ನಾಲ್ಕನೆಯದರವು. ಒಂದನ್ನು ತೆಗೆದಾಗ ಡಾಲರ್ ಹೋಗಿ ಸ್ಕ್ರೀನ್ ತುಂಬ / ಗೆರೆಗಳು ಬಂದವು. ನಾಲ್ಕೂ ಬಿಟ್ 1 ಆದರೆ 15, 32ಕ್ಕೆ 15 ಸೇರಿದರೆ 47, ಅದೇ ಆ ಗೆರೆಯ ಸಂಖ್ಯೆ. ನಮ್ಮ ಬಿಟ್ ಇರುವ ಚಿಪ್ ಇದೇ.

ಅದನ್ನು ಪಕ್ಕದ ಚಿಪ್ ಜೊತೆ ಅದಲು ಬದಲು ಮಾಡಿದೆ. ತೊಂದರೆ ಚಿಪ್ ಜೊತೆ ಹೋಗಲಿಲ್ಲ, ಅಲ್ಲೇ ಉಳಿಯಿತು. ಚಿಪ್ ಒಳ್ಳೆಯದೇ. ತಪ್ಪು ಸಾಕೆಟ್‌ನದ್ದು ಅಥವಾ ಬೆಸುಗೆಯದ್ದು.

4464ಕ್ಕೆ 18 ಕಾಲು. ಡೇಟಾ ಬರುವುದು 2, 3, 15, 17 ನಂಬರಿನ ಕಾಲುಗಳಲ್ಲಿ ಮಾತ್ರ. ನಾಲ್ಕನ್ನೇ ನೋಡಿದರೆ ಸಾಕು. ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಒಂದು ತುದಿ ಚಿಪ್‌ನ ಕಾಲಿನ ಮೇಲೆ, ಇನ್ನೊಂದು ಕಾರ್ಡಿನ ಹಿಂಬದಿಯ ಬೆಸುಗೆ ಮೇಲೆ. ಸಾಕೆಟ್‌ನ ಲೋಹಕ್ಕೆ ತಾಗಿಸಬಾರದು, ಕಾಲಿಗೇ ತಾಗಬೇಕು. 2, 3, 17 ಬೀಪ್ ಅಂದವು. 15 ಸದ್ದಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಸಾಕೆಟ್‌ನ ಆ ಒಂದು ಎಲೆಯಲ್ಲಿ (ಕಾಲನ್ನು ಹಿಡಿಯುವ ಲೋಹದ ಪಟ್ಟಿ) ಚೆನ್ನಾಗಿ ಕಿಲುಬು ಹಿಡಿದಿತ್ತು, ಎಲೆ ಸಡಿಲವಾಗಿ ಕಾಲಿನಿಂದ ದೂರ ಸರಿದಿತ್ತು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಈ ಅಗ್ಗದ ಸಾಕೆಟ್‌ಗಳು ಜಾಸ್ತಿ ದಿನ ತಡೆಯುವುದಿಲ್ಲ.

ಆಲ್ಕೋಹಾಲ್ ಹಾಕಿ ತೊಳೆದು ಎಲೆ ಬಗ್ಗಿಸಿದರೆ ಸದ್ಯಕ್ಕೆ ಓಡುತ್ತಿತ್ತು. ನನಗೆ ಅದು ಹಿಡಿಸುವುದಿಲ್ಲ, ಬಿಸಿಯಾದರೆ ಮತ್ತೆ ಸಡಿಲ. ಸಾಕೆಟ್ಟೇ ಬದಲಾಯಿಸಿದೆ. 18 ಕಾಲಿನ ಸಾಕೆಟ್ ಈಗಲೂ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ಕೆಲವು ಪಿಕ್ ಮೈಕ್ರೊಕಂಟ್ರೋಲರ್‌ಗಳಿಗೂ ಅದೇ ಅಳತೆ. ದುಂಡು ಪಿನ್ನಿನದನ್ನೇ ತಗೊಳ್ಳಿ. ಹಳೆಯದನ್ನು ಇಡಿಯಾಗಿ ಎಳೆಯಬೇಡಿ, ಕಾರ್ಡಿನ ತಾಮ್ರ ಕಿತ್ತು ಬರುತ್ತದೆ. ಪ್ಲಾಸ್ಟಿಕ್ ಕತ್ತರಿಸಿ ತೆಗೆದು, ಪಿನ್‌ಗಳನ್ನು ಒಂದೊಂದಾಗಿ ಕಾಯಿಸಿ ಎತ್ತಬೇಕು. ರಂಧ್ರದಲ್ಲಿ ಉಳಿದ ಬೆಸುಗೆಯನ್ನು ಅದನ್ನು ಹೀರುವ ಪಂಪ್‌ನಿಂದ ಹೀರಿದರಾಯಿತು.

ಚಿಪ್‌ನ ಗುರುತು ಯಾವ ಕಡೆ ಇತ್ತೋ ಅದೇ ಕಡೆ ಕೂರಿಸಿ ಆನ್ ಮಾಡಿದೆ. ಬೀಪ್ ಒಂದೂ ಇಲ್ಲ. ಡೀಬಗ್‌ನಲ್ಲಿ 00, 55, ಎಎ, ಎಫ್ಎಫ್ ನಾಲ್ಕೂ ಬರೆದು ಓದಿಸಿದೆ, ಬರೆದದ್ದೇ ವಾಪಸ್ ಬಂತು. ಕ್ಯಾಬಿನೆಟ್ ಮುಚ್ಚಿ, ಚೆನ್ನಾಗಿ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿದೆ. ಉಳಿದ ಏಳು ಸಾಕೆಟ್‌ಗಳನ್ನು ಬಿಚ್ಚಲು ಹೋಗಲಿಲ್ಲ, ಪ್ರತಿ ಸಲ ಕಾಯಿಸಿದಾಗಲೂ ಕಾರ್ಡಿನ ತಾಮ್ರಕ್ಕೆ ಅಪಾಯ. ಅವನ್ನು ಬರೀ ತೊಳೆದೆ. ಮುಂದೆ ಯಾವಾಗಲಾದರೂ ಬೇಕಾಗುತ್ತದೆ ಅಂತ ಅದೇ ಜಾತಿಯ ಕೆಲವು ಸಾಕೆಟ್ ತಂದು, ಯಾವ ಚಿಪ್ ಯಾವ ಪದರದ್ದು ಅನ್ನುವ ಚೀಟಿ ಬರೆದು, ಎರಡನ್ನೂ ಕ್ಯಾಬಿನೆಟ್ ಒಳಗೇ ಅಂಟಿಸಿದ್ದೇನೆ. ಲೆಕ್ಕದ ಫೈಲುಗಳೆಲ್ಲ ಫ್ಲಾಪಿಗೆ ಬಂದವು, ನೆಂಟರಿಗೆ ಕೊಟ್ಟೆ.