ಎದೆ ಸೆಟೆಸಿ ನಿಂತರೆ ಬೆನ್ನು ಸರಿಹೋಗದು

ಮಳೆ ಹೊಳವಾಗುತ್ತಿದ್ದಂತೆ ಮೂಡಿಗೆರೆ, ಸಕಲೇಶಪುರ ಕಡೆಯ ಶಾಲಾ ಮೈದಾನಗಳಿಗೆ ಜೀವ ಬರುತ್ತದೆ. ಜೂನ್‌ನಿಂದ ಸೂರಿನಡಿ ಕೂತಿದ್ದ ಮಕ್ಕಳು ಕ್ರೀಡಾಕೂಟ ಬಂತೆಂದು ಒಂದೇ ವಾರದಲ್ಲಿ ದಿನಕ್ಕೆರಡು ಹೊತ್ತು ಅಭ್ಯಾಸಕ್ಕಿಳಿಯುತ್ತಾರೆ. ಹಲವರಿಗೆ ಬೆನ್ನುನೋವು ಶುರುವಾಗುವುದೇ ಆಗ. ‘ಎದೆ ಮುಂದೆ ಮಾಡಿ ನೆಟ್ಟಗೆ ನಿಂತ್ಕೋ’ ಎಂದು ಗದರಿಸುವುದು ತಪ್ಪು ಮದ್ದು.

ಬೆನ್ನುಮೂಳೆ ಕೋಲಿನಂತೆ ನೆಟ್ಟಗಿರುವುದಿಲ್ಲ. ಕುತ್ತಿಗೆಯ 7 ಮಣಿಗಳು ಒಳಬಾಗು, ಎದೆಯ ಹಿಂದಿನ 12 ಹೊರಬಾಗು, ಸೊಂಟದ 5 ಮತ್ತೆ ಒಳಬಾಗು. ಎದೆ ಸೆಟೆಸಿದಾಗ ಸೊಂಟದ ಬಾಗು ಅತಿಯಾಗಿ, ಮಣಿಗಳ ಹಿಂಬದಿಯ ಕೀಲುಗಳು ಒಂದಕ್ಕೊಂದು ಒತ್ತುತ್ತವೆ. 11ರಿಂದ 15 ವರ್ಷದ, ದಿಢೀರ್ ಎತ್ತರವಾಗುವ ಮಕ್ಕಳಲ್ಲಿ ತೊಡೆಸಂದಿನ ಸ್ನಾಯು ಬಿಗಿಯಾಗಿದ್ದರೆ ಅದೂ ಸೊಂಟವನ್ನು ಮುಂದಕ್ಕೆ ಎಳೆಯುತ್ತದೆ.

ಮೊದಲು ಗೋಡೆ ಪರೀಕ್ಷೆ. ಹಿಮ್ಮಡಿ ಗೋಡೆಯಿಂದ 5 ಸೆಂ.ಮೀ. ಮುಂದಿರಲಿ, ಕುಂಡೆ, ಹೆಗಲಮೂಳೆ, ತಲೆ ಗೋಡೆಗೆ ತಾಗಲಿ. ಸೊಂಟದ ಹಿಂದೆ ಚಪ್ಪಟೆ ಅಂಗೈ ತೂರಿದರೆ ಸರಿ. ಮುಷ್ಟಿಯೇ ಸಲೀಸಾಗಿ ತೂರಿದರೆ ಬಾಗು ಹೆಚ್ಚಾಗಿದೆ. ಗಲ್ಲ ಎತ್ತದೆ ತಲೆ ತಾಗದಿದ್ದರೆ ಮೇಲ್ಬೆನ್ನು ಗೂನಾಗಿದೆ ಎಂದರ್ಥ. ಬೋರಲು ಮಲಗಿ ಎದೆ ಎತ್ತಿದಾಗ ಗೂನು ಮಾಯವಾದರೆ ಅದು ಬರೀ ರೂಢಿ, ಉಳಿದರೆ ವೈದ್ಯರು ನೋಡಬೇಕು.

ಎರಡನೆಯದು ಬಾಗುವ ಪರೀಕ್ಷೆ. ಪಾದ ಜೋಡಿಸಿ, ಮಂಡಿ ಮಡಚದೆ, ಕೈ ಮುಗಿದಂತೆ ಇಳಿಬಿಟ್ಟು ಮುಂದೆ ಬಾಗಿಸಿ ಹಿಂದಿನಿಂದ ನೋಡಿ. ಒಂದು ಬದಿಯ ಪಕ್ಕೆಲುಬು ಉಬ್ಬಿ ನಿಂತರೆ ಬೆನ್ನು ಪಕ್ಕಕ್ಕೆ ವಾಲಿರುವ ಸಾಧ್ಯತೆ ಇದೆ; ಎಕ್ಸ್‌ರೇಯಲ್ಲಿ 10 ಡಿಗ್ರಿ ಮೀರಿದರೆ ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಚೆಂಡೆಸೆಯುವ ಕೈಯ ಹೆಗಲು ತುಸು ತಗ್ಗಿದ್ದರೆ ಮಾತ್ರ ಗಾಬರಿ ಬೇಡ.

ಈಗ ವ್ಯಾಯಾಮ, ವಾರಕ್ಕೆ ನಾಲ್ಕು ದಿನ. ಒಂದು ಮಂಡಿಯೂರಿ, ಕುಂಡೆ ಬಿಗಿಹಿಡಿದು ಸೊಂಟವನ್ನು ಮುಂದೆ ಸರಿಸಿ. ಊರಿದ ಕಾಲಿನ ತೊಡೆಸಂದಿ ಹಿಗ್ಗಬೇಕು. 30 ಸೆಕೆಂಡ್, ಪ್ರತಿ ಕಾಲಿಗೆ 2 ಸಲ. ಕುಂಡೆ ಸಡಿಲಬಿಟ್ಟರೆ ಹಿಗ್ಗುವುದು ತೊಡೆಯಲ್ಲ, ಬಾಗುವುದು ಬೆನ್ನು. ಆಮೇಲೆ ಅಂಬೆಗಾಲಲ್ಲಿ ನಿಂತು ಬಲಗೈ, ಎಡಗಾಲು ಚಾಚಿ 10 ಸೆಕೆಂಡ್ ಹಿಡಿಯಿರಿ. ಹೀಗೆ ಪ್ರತಿ ಬದಿಗೆ 6 ಸಲ. ಸೊಂಟದ ಮೇಲೆ ನೋಟ್‌ಬುಕ್ ಇಟ್ಟುಕೊಳ್ಳಿ, ಅದು ಜಾರಿದರೆ ಕಾಲು ಅತಿ ಮೇಲೆ ಹೋಗಿದೆ. ಕೊನೆಗೆ ಪಕ್ಕದ ಪ್ಲ್ಯಾಂಕ್, ಅಂದರೆ ಪಕ್ಕಕ್ಕೆ ಮಲಗಿ ಮೊಣಕೈ, ಪಾದದ ಮೇಲೆ ಮೈಯನ್ನು ನೆಟ್ಟಗೆ ಎತ್ತಿ ಹಿಡಿಯುವುದು, 10 ಸೆಕೆಂಡಿನಂತೆ 5 ಸಲ. ಆಗದವರು ಮಂಡಿ ಊರಲಿ.

ಹೆಚ್ಚು ಆತಂಕವಾಗುವುದು ವೇಗದ ಬೌಲರ್‌ಗಳ ಬಗ್ಗೆ. ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಹುಟ್ಟಿದ ವೇಗದ ಬೌಲರ್ ಡೇವಿಡ್ ಜಾನ್ಸನ್ ಭಾರತಕ್ಕೆ ಆಡಿದವರು; ಹುಡುಗರು ವೇಗಕ್ಕೆ ಹಾತೊರೆಯುವುದು ಸಹಜ. ಚೆಂಡು ಬಿಡುವ ಹೊತ್ತಿಗೆ ಸೊಂಟ ಏಕಕಾಲಕ್ಕೆ ಹಿಂದೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಹೆಗಲೊಂದು ದಿಕ್ಕು, ಸೊಂಟವೊಂದು ದಿಕ್ಕು ನೋಡುವ ‘ಮಿಶ್ರ ಆಕ್ಷನ್’ ಇದ್ದರೆ ತಿರುಚು ಇನ್ನೂ ಜಾಸ್ತಿ. ಸೊಂಟದ ಕೆಳಗಿನ ಮಣಿಗಳ, ಅದರಲ್ಲೂ ಐದನೆಯದರ ತೆಳು ಭಾಗ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಹೆಚ್ಚಾಗಿ ಬೌಲಿಂಗ್ ಕೈಯ ಎದುರು ಬದಿಯಲ್ಲಿ. ಸೋಮವಾರದಿಂದಲೇ ಹತ್ತು ಓವರ್ ಹಾಕಿಸಬೇಡಿ. ಮೂರರಿಂದ ಶುರುಮಾಡಿ, ದಿನ ಬಿಟ್ಟು ದಿನ, ವಾರಕ್ಕೊಂದೇ ಓವರ್ ಏರಿಸಿ.

ಒಂಟಿಕಾಲಲ್ಲಿ ನಿಂತು ಹಿಂದೆ ಬಾಗಿದಾಗ ಸೊಂಟದ ಒಂದೇ ಕಡೆ ಚುಚ್ಚಿದರೆ ಅಂದೇ ಬೌಲಿಂಗ್ ನಿಲ್ಲಿಸಿ. ರಾತ್ರಿ ಎಚ್ಚರಗೊಳಿಸುವ ನೋವು, ಜ್ವರ, ಕಾಲು ಜೋಮು ಇದ್ದರೆ ಒಂದು ದಿನವೂ ಕಾಯಬೇಡಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಂಥ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋದಾಗ ಆಟ ಯಾವುದು, ವಾರಕ್ಕೆ ಎಷ್ಟು ಓವರ್ ಎಂಬುದನ್ನು ತಪ್ಪದೆ ಹೇಳಿ. ಹೊಸ ಬಿರುಕು ಎಕ್ಸ್‌ರೇಗೆ ಕಾಣದೆ ಹೋಗಬಹುದು. ಈ ವಿವರ ತಿಳಿದರೆ ವೈದ್ಯರು ಎಂಆರ್‌ಐ ಬೇಕೇ ಎಂದು ಯೋಚಿಸುತ್ತಾರೆ.